ಸೋದರಮಾವ ಕೊಯ್ದ ಕೋಲು

2019ರ ಚಳಿಗಾಲದಲ್ಲಿ ಟೊರಾಂಟೊದ ತಂಗಿಯ ಮನೆಗೆ ಹೋಗಿದ್ದೆ. ಅವಳ ಹನ್ನೊಂದು ವರ್ಷದ ಮಗನಿಗೆ ಐಸ್ ಹಾಕಿಯ ಹುಚ್ಚು. ಸೋದರಮಾವನ ಲೆಕ್ಕದಲ್ಲಿ ಒಂದು ಕೋಲು ಕೊಡಿಸಿದೆ. ಶಾಲೆಯ ಚಡ್ಡಿಯನ್ನು ದೊಡ್ಡದಾಗಿ ಹೊಲಿಸಿ ಒಳಮಡಿಕೆ ಹಾಕಿಸುತ್ತೇವಲ್ಲ, ಅದೇ ಬುದ್ಧಿ! ಗಟ್ಟಿಯಾಗಿರಲಿ ಎಂದು ದೊಡ್ಡವರ ಕೋಲನ್ನೇ ತಂದು, ಮೇಲ್ತುದಿಯಲ್ಲಿ ಒಂದು ಗೇಣು ಕೊಯ್ದುಕೊಟ್ಟೆ.

ಅದರ ಮೇಲೆ 85 ಎಂದು ಅಚ್ಚಾಗಿತ್ತು. ಅದು 'ಫ್ಲೆಕ್ಸ್'. ಕೋಲನ್ನು ಒಂದು ಅಂಗುಲ ಬಾಗಿಸಲು ಅಷ್ಟು ಪೌಂಡು ಬಲ ಬೇಕೆಂದು ಅರ್ಥ. ಆಟಗಾರನ ತೂಕದ ಸುಮಾರು ಅರ್ಧದಷ್ಟಿರಬೇಕೆಂಬುದು ಅಲ್ಲಿನವರ ರೂಢಿ. ನಮ್ಮ ಹುಡುಗನ ತೂಕವೇ 80 ಪೌಂಡು! ಜೋರಾಗಿ ಬೀಸಿದಾಗ ಅಲಗು ಪಕ್‌ಗಿಂತ ತುಸು ಹಿಂದೆ ಮಂಜುಗಡ್ಡೆಗೆ ತಾಗಿ, ಕೋಲು ಬಿಲ್ಲಿನಂತೆ ಬಾಗುತ್ತದೆ. ನೆಟ್ಟಗಾಗುವಾಗ ಆ ಶಕ್ತಿ ಪಕ್‌ಗೆ ದಾಟುತ್ತದೆ. ಗಿಡ್ಡ ಮಾಡಿದಷ್ಟೂ ಕೋಲು ಇನ್ನೂ ಬಿಗಿ. ಇಪ್ಪತ್ತೈದು ವರ್ಷ ಹುಕ್‌ನ ನಿಯಮ ಪಾಠ ಮಾಡಿದ ನನಗೆ ಇದು ಹೊಳೆಯಲಿಲ್ಲ.

ಪಕ್ ಗೋಲು ಮುಟ್ಟದಾದಾಗ, "ರಟ್ಟೆಯಲ್ಲಿ ಬಲ ಇಲ್ಲವೇನೋ?" ಎಂದು ಗೆಳೆಯರೆದುರೇ ಗದರಿದೆ. ಅವನು ತಲೆ ತಗ್ಗಿಸಿದ. ತರಬೇತುದಾರರು ಕೋಲನ್ನು ಒತ್ತಿ ನೋಡಿ ನನ್ನತ್ತ ತಿರುಗಿ ನಕ್ಕರು.

ಮರುದಿನ ಅವನೇ ಆರಿಸಿದ: 40ರ ಕೋಲು, ಸ್ಕೇಟ್ಸ್ ಹಾಕಿ ನಿಂತರೆ ಗದ್ದದವರೆಗೆ. ಮೂರನೆಯ ಹೊಡೆತಕ್ಕೆ ಬಲೆ ಅಲುಗಿತು. "ಮಾವ, ನೋಡಿದಿರಾ?" ಎಂದ. ತಪ್ಪು ನನ್ನದೆನ್ನಲು ಬಾಯಿ ಬರಲಿಲ್ಲ. ಕೊಯ್ದ ತುಂಡು ಈಗ ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿದೆ.