ಜಿಂಕೆ ಫಲಕದ ಮನೆ

ದಕ್ಷಿಣ ಜರ್ಮನಿಯ ಯಾವುದೇ ಹಳೆಯ ಹಳ್ಳಿಗೆ ಹೋಗಿ, ನಡುವೂರಿನಲ್ಲಿ ಮೂರು ಕಟ್ಟಡಗಳು ಹತ್ತಿರ ಹತ್ತಿರ ಇರುತ್ತವೆ: ಚರ್ಚು, ಪಂಚಾಯಿತಿ ಕಚೇರಿ, ಗಾಸ್ಟ್‌ಹೋಫ್. ಮೊದಲೆರಡನ್ನು ಊರು ಕಟ್ಟಿತು. ಮೂರನೆಯದನ್ನು ಕಟ್ಟಿ ನಡೆಸಿದ್ದು ಒಂದೊಂದು ಕುಟುಂಬ. ಕೆಳಗೆ ಅಡುಗೆಮನೆ ಮತ್ತು ಊಟದ ಕೋಣೆ, ಮಹಡಿಯಲ್ಲಿ ಬಾಡಿಗೆಗೆ ಕೊಡುವ ಐದಾರು ಕೋಣೆ, ಹಿಂಬದಿಯಲ್ಲಿ ಮನೆಯವರ ವಾಸ. ಬಾಗಿಲ ಮೇಲೆ ಕಬ್ಬಿಣದ ತೋಳಿನಿಂದ ಫಲಕ ನೇತಾಡುತ್ತಿರುತ್ತದೆ. ಸಿಂಹ, ಹದ್ದು, ಎತ್ತು, ದೇವದೂತ ಈ ನಾಲ್ಕು ಹೆಸರು ಎಲ್ಲ ಕಡೆ ಸಿಗುತ್ತವೆ. ಬೈಬಲ್ಲಿನ ನಾಲ್ವರು ಸುವಾರ್ತಾಕಾರರ ಲಾಂಛನಗಳೂ ಇವೇ. ಅಂಚೆಗಾಡಿಯ ಕುದುರೆ ಬದಲಿಸುತ್ತಿದ್ದ ಕಡೆಗಳಲ್ಲಿ ಅಂಚೆಯ ಕಹಳೆ ಕಾಣುತ್ತದೆ. ನಾನು ಉಳಿದ ಮನೆಯ ಫಲಕದಲ್ಲಿ ಜಿಂಕೆ ಇತ್ತು.

ಅದು ಇದ್ದದ್ದು ಷ್ವೇಬಿಶ್ ಆಲ್ಬ್ ಎಂಬ ಪ್ರಸ್ಥಭೂಮಿಯಲ್ಲಿ, ಡ್ಯಾನ್ಯೂಬ್ ದಂಡೆಯ ಏಹಿಂಗನ್ ಪಟ್ಟಣದಿಂದ ಮ್ಯೂನ್ಸಿಂಗನ್ ಕಡೆಗೆ ಹತ್ತಿಹೋಗುವ ದಾರಿಯಲ್ಲಿ. ಮನೆಯೊಳಗಿನ ಸಂಗತಿ ಹೇಳುತ್ತಿರುವುದರಿಂದ ಊರಿನ ಹೆಸರನ್ನೂ ಕುಟುಂಬದ ಹೆಸರನ್ನೂ ಬಿಡುತ್ತೇನೆ. 1989ರಲ್ಲಿ ನಮ್ಮ ಕಂಪನಿ ಏಹಿಂಗನ್‌ನಿಂದ ದೊಡ್ಡ ಮೊಬೈಲ್ ಕ್ರೇನ್ ತರಿಸಿತ್ತು. ಅದರ ನಿರ್ವಹಣೆ ಕಲಿಯಲು ನನ್ನನ್ನು ಅಲ್ಲಿಗೆ ಕಳಿಸಿದರು. ಪಟ್ಟಣದ ಹೋಟೆಲಿನ ಬಾಡಿಗೆ ನನ್ನ ಭತ್ಯೆಗೆ ಹೊಂದುತ್ತಿರಲಿಲ್ಲ. ದೂರದ ಊರುಗಳಿಂದ ಬರುವ ಫಿಟ್ಟರುಗಳು ವಾರವಿಡೀ ಉಳಿಯುತ್ತಿದ್ದ ಮನೆಯ ವಿಳಾಸವನ್ನು ಫೋರ್‌ಮನ್ ಕೊಟ್ಟ. ಬೆಳಗಿನ ತಿಂಡಿ ಸೇರಿ ರಾತ್ರಿಗೆ 35 ಮಾರ್ಕ್. ಕೋಣೆಯಲ್ಲಿ ಮರದ ಮಂಚ, ಹಕ್ಕಿಪುಕ್ಕ ತುಂಬಿದ ದಪ್ಪ ಹೊದಿಕೆ, ಮುಖ ತೊಳೆಯುವ ಬೇಸಿನ್. ಸ್ನಾನದ ಮನೆ ಮಾತ್ರ ಪಡಸಾಲೆಯ ತುದಿಯಲ್ಲಿ, ಎಲ್ಲರಿಗೂ ಒಂದೇ. ಬೀಗದ ಕೈಗೆ ಜೇಬಿನಲ್ಲಿ ಹಿಡಿಯದಷ್ಟು ಭಾರದ ಹಿತ್ತಾಳೆ ಗುಂಡು ಕಟ್ಟಿದ್ದರು. ಹೊರಗೆ ಹೋಗುವವರು ಅದನ್ನು ಕೆಳಗಿನ ಮೊಳೆಗೆ ತಗುಲಿಸಿಯೇ ಹೋಗಬೇಕು.

ಆ ಮನೆಯ ಜೀವ ಇದ್ದದ್ದು ಕೆಳಗಿನ ಊಟದ ಕೋಣೆಯಲ್ಲಿ. ಹಸಿರು ಹೆಂಚಿನ ದೊಡ್ಡ ಒಲೆ, ಅದರ ಸುತ್ತ ಬೆನ್ನು ಕಾಯಿಸಿಕೊಳ್ಳುವ ಬೆಂಚು, ಪಕ್ಕದಲ್ಲಿ ದುಂಡನೆಯ ಮೇಜು. ಅದು ಷ್ಟಮ್‌ಟಿಶ್, ಊರಿನ ಕಾಯಂ ಗಿರಾಕಿಗಳದ್ದು. ಉಳಿದ ಮೇಜೆಲ್ಲ ತುಂಬಿ ಅದೊಂದೇ ಖಾಲಿ ಇದ್ದರೂ ಪರಸ್ಥಳದವರು ಅಲ್ಲಿ ಕೂರುವಂತಿಲ್ಲ. ಬಂದವರು ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟುತ್ತಾರೆ, ಎಲ್ಲರಿಗೂ ನಮಸ್ಕಾರ ಸಂದ ಹಾಗೆ. ಹೋಗುವಾಗಲೂ ಹಾಗೆಯೇ. ಕುಡಿದ ಬಿಯರಿನ ಲೆಕ್ಕ ಗ್ಲಾಸಿನ ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲ್ ಗೀಟಾಗಿ ಬೀಳುತ್ತಿತ್ತು. ಆ ಗೀಟಿನ ಬಗ್ಗೆ ತಕರಾರು ಬಂದದ್ದನ್ನು ನಾನು ಕಾಣಲಿಲ್ಲ. ಅಲ್ಲಿ ಕೂರುತ್ತಿದ್ದವರು ಅಂಚೆಯವನು, ಇಬ್ಬರು ರೈತರು, ನಿವೃತ್ತ ಶಾಲಾ ಮಾಸ್ತರು, ಟ್ರ್ಯಾಕ್ಟರ್ ರಿಪೇರಿಯವನು. ಚಳಿಗಾಲ ಹಿಡಿದ ಮೇಲೊಂದು ಸಂಜೆ ಮಾಸ್ತರು ಕುರ್ಚಿ ಎಳೆದು ನನ್ನನ್ನು ಕರೆದರು. ಆ ಸಂಜೆಯಿಂದ ನಾನು ಅವರಿಗೆ ಕೋಣೆ ನಂಬರಾಗಿ ಉಳಿಯಲಿಲ್ಲ. ಅವರ ಷ್ವೇಬಿಶ್ ಆಡುಮಾತು ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ಮಾಸ್ತರು ಪುಸ್ತಕದ ಜರ್ಮನ್‌ನಲ್ಲಿ ನಿಧಾನವಾಗಿ ಹೇಳಿ ಕೊಡುತ್ತಿದ್ದರು.

ಯಜಮಾನ ವೃತ್ತಿಯಿಂದ ಕಟುಕ. ಮನೆಗೆ ಅಂಟಿಕೊಂಡೇ ಮಾಂಸದ ಅಂಗಡಿ. ಆ ಸೀಮೆಯ ಬಹಳ ಗಾಸ್ಟ್‌ಹೋಫ್‌ಗಳು ಹೀಗೆ ಜೋಡಿ ಕಸುಬಿನ ಮೇಲೆ ನಿಂತಿದ್ದವು. ಒಂದರ ನಷ್ಟವನ್ನು ಇನ್ನೊಂದು ತುಂಬುತ್ತಿತ್ತು. ಅಡುಗೆ ಯಜಮಾನಿತಿಯದು. ಅಜ್ಜಿ ಮೂಲೆಯಲ್ಲಿ ಕೂತು ಆಲೂಗಡ್ಡೆ ಸುಲಿಯುವಳು. ಮಗಳು ಬಡಿಸುವಳು, ಶಾಲೆ ಬಿಟ್ಟು ಬಂದ ಮಗ ಬಿಯರ್ ನಲ್ಲಿಯ ಮುಂದೆ ನಿಲ್ಲುವನು. ನಮ್ಮ ಸೋದರತ್ತೆ ಗದುಗಿನಲ್ಲಿ ಲಿಂಗಾಯತ ಖಾನಾವಳಿ ನಡೆಸಿದಾಕೆ. ಊರಿಗಿಂತ ಮೊದಲು ಎದ್ದು, ಊರೆಲ್ಲ ಉಂಡ ಮೇಲೆ ಉಳಿದದ್ದನ್ನು ನಿಂತೇ ಉಣ್ಣುತ್ತಿದ್ದಳು. ಈ ಯಜಮಾನಿತಿಯೂ ಹಾಗೆಯೇ ಉಣ್ಣುವುದನ್ನು ಅಡುಗೆಮನೆಯ ಕಿಂಡಿಯಿಂದ ಕಂಡಾಗ ಆ ಮನೆಯ ದುಡಿಮೆ ನನಗೆ ಯಾರೂ ಹೇಳದೆ ಅರ್ಥವಾಯಿತು. ವಾರಕ್ಕೊಂದು ದಿನ, ಸೋಮವಾರ, ರಜೆ. ರೂಹೆಟಾಗ್ ಎಂದು ಬಾಗಿಲಿಗೆ ಹಲಗೆ. ಆ ದಿನವೂ ನೆಲಮಾಳಿಗೆ ತೊಳೆಯುವುದು, ಮೇಜುಬಟ್ಟೆ ಇಸ್ತ್ರಿ ಮಾಡುವುದು, ಲೆಕ್ಕ ಬರೆಯುವುದು.

ನನ್ನಂಥ ಸಸ್ಯಾಹಾರಿಗೆ ಅಲ್ಲಿ ಉಣ್ಣುವುದು ಸುಲಭವಿರಲಿಲ್ಲ. ಆಲೂ ಸಲಾಡಿಗೆ ದನದ ಮಾಂಸದ ಸಾರು ಹಾಕುತ್ತಾರೆ, ಹುರಿದ ಆಲೂಗಡ್ಡೆಗೆ ಹಂದಿಮಾಂಸದ ಚೂರು. ಮೌಲ್‌ಟಾಶನ್ ಎಂಬ ಕಡುಬಿನೊಳಗೆ ಸೊಪ್ಪಿನ ಜೊತೆ ಮಾಂಸವೇ ಇರುತ್ತದೆ. ಎರಡನೆಯ ದಿನ ಯಜಮಾನಿತಿ ಕೈ ಒರೆಸಿಕೊಂಡು ಬಂದು ನನ್ನೆದುರು ಕೂತಳು. ಹಾಲು? ಬೆಣ್ಣೆ? ಮೊಟ್ಟೆ? ಒಂದೊಂದಾಗಿ ಕೇಳಿ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡಳು. ಹಾಲು ಬೆಣ್ಣೆ ಸರಿ ಎಂದೆ, ಮೊಟ್ಟೆಗೂ ಆ ಊರಿನಲ್ಲಿ ಒಪ್ಪಿಕೊಂಡೆ. ಮರುದಿನ ಚನ್ನಂಗಿ ಬೇಳೆ ಬಂತು. ಆಲ್ಬ್ ಜನರ ನಿತ್ಯದ ಊಟ ಅದು. ಬೇಯಿಸಿದ ಚನ್ನಂಗಿಗೆ ಈರುಳ್ಳಿ, ಕ್ಯಾರಟ್, ಕೊನೆಗೆ ವಿನೆಗರ್. ಜೊತೆಗೆ ಹಲಗೆಯ ಮೇಲಿಂದ ಕುದಿಯುವ ನೀರಿಗೆ ಹೆರೆದು ಬೇಯಿಸಿದ ಷ್ಪೆಟ್ಸ್‌ಲೆ. ಮಾಮೂಲಿಯಾಗಿ ಇದರ ಪಕ್ಕಕ್ಕೆ ಎರಡು ಸಾಸೇಜ್ ಇಡುತ್ತಾರೆ, ನನಗೆ ಅದರ ಬದಲು ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಹುಳಿ ಹಾಕಿದ ಆ ಬೇಳೆ ನನಗೆ ಊರಿನ ಊಟದಷ್ಟೇ ಒಗ್ಗಿತು.

ಆ ಬೇಳೆಯ ಕಥೆ ದೊಡ್ಡದು. ಆಲ್ಬ್ ಸುಣ್ಣಕಲ್ಲಿನ ನೆಲ. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ, ಮೇಲ್ಮಣ್ಣು ತೆಳ್ಳಗೆ, ಅದರ ತುಂಬ ಕಲ್ಲು. ಅಂಥ ಹೊಲದಲ್ಲಿ ಚನ್ನಂಗಿ ಚೆನ್ನಾಗಿ ಬರುತ್ತದೆ. ಬಳ್ಳಿ ನೆಲಕ್ಕೆ ಬೀಳದಂತೆ ಬಾರ್ಲಿಯನ್ನೋ ಓಟ್ಸನ್ನೋ ಜೊತೆಗೆ ಬಿತ್ತುತ್ತಾರೆ, ಅಂದರೆ ನಮ್ಮ ಅಕ್ಕಡಿ ಬೆಳೆಯ ಲೆಕ್ಕವೇ. ಅಜ್ಜಿ ಚಿಕ್ಕವಳಿದ್ದಾಗ ಅವರ ಸ್ವಂತ ಹೊಲದಲ್ಲಿ ಬೆಳೆಯುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಬೇಳೆ ಅಂಗಡಿಯ ಪೊಟ್ಟಣದಲ್ಲಿ, ಹೊರದೇಶದಿಂದ ಬರುತ್ತಿತ್ತು. ಕೂಲಿ ಹೆಚ್ಚು, ಇಳುವರಿ ಕಡಿಮೆ ಎಂದು ರೈತರು ಆ ಬೆಳೆಯನ್ನೇ ಬಿಟ್ಟು ದಶಕಗಳಾಗಿದ್ದವು, ಸ್ಥಳೀಯ ಬೀಜವೂ ಕಾಣೆಯಾಗಿತ್ತು. ಏಹಿಂಗನ್ ಹತ್ತಿರದ ಲೌಟರಾಖ್ ಗ್ರಾಮದ ವೊಲ್ಡೆಮಾರ್ ಮಾಮ್ಮೆಲ್ ಎಂಬ ರೈತ 1980ರ ದಶಕದಲ್ಲಿ ಬೇರೆ ತಳಿಯಿಂದ ಮತ್ತೆ ಬಿತ್ತನೆ ಆರಂಭಿಸಿದ. ಕಳೆದುಹೋದ ಆಲ್ಬ್ ತಳಿಗಳು 2006ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೊವ್ ಸಂಸ್ಥೆಯ ಬೀಜಭಂಡಾರದಲ್ಲಿ ಸಿಕ್ಕವು. ಹಿಡಿಯಷ್ಟು ಬೀಜದಿಂದ ವರ್ಷವರ್ಷ ಹೆಚ್ಚಿಸಿ ಈಗ ಆಲ್ಬ್ ಲೈಸ ಎಂಬ ಹೆಸರಿನಲ್ಲಿ ಮಾರುತ್ತಾರೆ.

ಬೇಳೆ ತಿರುಗಿ ಬರುತ್ತಿದ್ದ ಅದೇ ವರ್ಷಗಳಲ್ಲಿ ಗಾಸ್ಟ್‌ಹೋಫ್‌ಗಳು ಮುಚ್ಚುತ್ತ ಹೋದವು. ಮೊದಲು ಕೆಲಸದ ಮೇಲೆ, ಆಮೇಲೆ ನನ್ನ ಮಗಳು ಉಲ್ಮ್‌ನಲ್ಲಿ ನೆಲೆಸಿದ್ದರಿಂದ, ನಾನು ಆ ಮನೆಗೆ ಹೋಗುತ್ತಲೇ ಇದ್ದೆ. ಹೋದಾಗಲೆಲ್ಲ ಏನಾದರೊಂದು ಕಡಿಮೆಯಾಗಿರುತ್ತಿತ್ತು.

ಮೊದಲ ಪೆಟ್ಟು ಸೈನಿಕರು ಹೋದದ್ದು. ಮ್ಯೂನ್ಸಿಂಗನ್ ಹತ್ತಿರ 1895ರಿಂದ ಸೇನೆಯ ತರಬೇತಿ ಮೈದಾನವಿತ್ತು. ಎರಡನೇ ಮಹಾಯುದ್ಧದ ಬಳಿಕ 1992ರವರೆಗೆ ಫ್ರೆಂಚ್ ಸೇನೆ, ಆಮೇಲೆ ಜರ್ಮನ್ ಸೇನೆ ಅದನ್ನು ನೋಡಿಕೊಂಡವು. ಆ ಮೈದಾನವನ್ನು ಹಿಗ್ಗಿಸಲು ಯುದ್ಧಕ್ಕೆ ಮೊದಲೇ ಗ್ರುವೊರ್ನ್ ಎಂಬ ಇಡೀ ಹಳ್ಳಿಯನ್ನು ತೆರವು ಮಾಡಿದ್ದರು. ಅಲ್ಲಿ ಈಗ ಚರ್ಚು ಮತ್ತು ಶಾಲೆಯ ಕಟ್ಟಡ ಉಳಿದಿವೆ. ಶನಿವಾರ ಸಂಜೆ ಜಿಂಕೆ ಫಲಕದ ಮನೆ ತುಂಬುತ್ತಿದ್ದದ್ದು ಈ ಸೈನಿಕರಿಂದ. 2005ರಲ್ಲಿ ಮೈದಾನ ಮುಚ್ಚಿತು. ನಾಲ್ಕು ವರ್ಷದ ನಂತರ ಯುನೆಸ್ಕೊ ಆ ಪ್ರದೇಶವನ್ನು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. ಸೈನಿಕರ ಜಾಗಕ್ಕೆ ಸೈಕಲ್ಲಿನವರು, ನಡಿಗೆಯವರು ಬಂದರು. ಆದರೆ ಅವರು ಬರುವುದು ಬೇಸಿಗೆಯಲ್ಲಿ, ಬಿಸಿಲಿದ್ದರೆ, ವಾರಾಂತ್ಯಕ್ಕೆ.

ಮಾಂಸದ ಅಂಗಡಿ ಆಮೇಲೆ ಹೋಯಿತು. 2006ರಲ್ಲಿ ಜಾರಿಯಾದ ಐರೋಪ್ಯ ಒಕ್ಕೂಟದ ನೈರ್ಮಲ್ಯ ನಿಯಮಕ್ಕೆ ತಕ್ಕಂತೆ ಕಸಾಯಿಖಾನೆಯನ್ನು ಹೊಸದಾಗಿ ಕಟ್ಟಬೇಕಿತ್ತು. ಅರವತ್ತು ದಾಟಿದ ಯಜಮಾನ, ಮಗ ಮುಂದುವರಿಸುವುದಿಲ್ಲ ಎಂದು ತಿಳಿದ ಮೇಲೆ, ಸಾಲ ಮಾಡಲು ಒಪ್ಪಲಿಲ್ಲ. ಷ್ಟಮ್‌ಟಿಶ್ ಅದಾಗಲೇ ತೆರವಾಗುತ್ತಿತ್ತು. ಮಾಸ್ತರು ತೀರಿಕೊಂಡರು, ರೈತರಲ್ಲಿ ಒಬ್ಬ ಹೊಲ ಗುತ್ತಿಗೆಗೆ ಕೊಟ್ಟು ಮಗನ ಊರಿಗೆ ಹೋದ. ಕ್ರೀಡಾ ಸಂಘದವರು ತಮ್ಮ ಕಟ್ಟಡದಲ್ಲೇ ಬಿಯರ್ ಇಟ್ಟರು. ಕುಡಿದು ಗಾಡಿ ಓಡಿಸುವುದರ ವಿರುದ್ಧದ ಕಾನೂನು 1998ರಲ್ಲಿ ಬಿಗಿಯಾಯಿತು. ಒಳ್ಳೆಯದೇ ಆಯಿತು, ಆದರೆ ಪಕ್ಕದೂರಿನವರು ಬರುವುದು ನಿಂತಿತು.

ಆಮೇಲೆ ಕಾಗದಪತ್ರದ ಹೊರೆ. 2014ರ ಕೊನೆಯಿಂದ ಪ್ರತಿ ಪದಾರ್ಥದಲ್ಲೂ ಅಲರ್ಜಿ ತರುವ ವಸ್ತು ಏನಿದೆಯೆಂದು ತಿಳಿಸಬೇಕು. ಗಲ್ಲಾ ಯಂತ್ರ ಇಟ್ಟವರು ಪ್ರತಿ ಗಿರಾಕಿಗೂ ರಸೀತಿ ಕೊಡಬೇಕೆಂಬ ನಿಯಮ 2020ರಲ್ಲಿ ಬಂತು. ಪೆನ್ಸಿಲ್ ಗೀಟಿನ ಕಾಲ ಅಲ್ಲಿಗೆ ಮುಗಿಯಿತು. ಅದೇ ವರ್ಷ ಕೊರೊನಾ ಬಂದು ಮಾರ್ಚಿನಲ್ಲಿ ಒಮ್ಮೆ, ನವೆಂಬರಿನಿಂದ ಮರುವರ್ಷದ ಬೇಸಿಗೆಯ ಹೊಸ್ತಿಲವರೆಗೆ ಇನ್ನೊಮ್ಮೆ ಬಾಗಿಲು ಹಾಕಿಸಿತು. ಊಟದ ಮೇಲಿನ ತೆರಿಗೆ ಶೇಕಡ 19ರಿಂದ 7ಕ್ಕೆ ಇಳಿದು, 2024ರಲ್ಲಿ ಮತ್ತೆ 19ಕ್ಕೆ ಏರಿ, 2026ರ ಜನವರಿಯಿಂದ ಮರಳಿ 7ಕ್ಕೆ ಬಂದಿದೆ.

ಅಲ್ಲಿಯ ಜನ ಮಾತಿಗೆ ಕೂತರೆ ಈ ತೆರಿಗೆಯನ್ನೂ ನಿಯಮವನ್ನೂ ಬೈಯುತ್ತಾರೆ. ನನಗೆ ಕಂಡ ಕಾರಣ ಅದಕ್ಕಿಂತ ಆಳದ್ದು. ಆ ಮನೆಯ ಊಟ ಅಗ್ಗವಾಗಿದ್ದದ್ದು ಅಜ್ಜಿಯ, ಹೆಂಡತಿಯ, ಮಕ್ಕಳ ದುಡಿಮೆಗೆ ಯಾರೂ ಬೆಲೆ ಕಟ್ಟದಿದ್ದದ್ದರಿಂದ. ಅಜ್ಜಿ ಹೋದಮೇಲೆ, ಮಕ್ಕಳು ಓದಿ ಹೊರಟಮೇಲೆ, ಅದೇ ಕೆಲಸಕ್ಕೆ ಆಳು ಇಡಬೇಕಾಯಿತು. 2015ರಲ್ಲಿ ಗಂಟೆಗೆ 8.50 ಯೂರೊ ಇದ್ದ ಕನಿಷ್ಠ ಕೂಲಿ 2026ಕ್ಕೆ 13.90 ಆಗಿದೆ. ಆ ಕೂಲಿ ನ್ಯಾಯವಾದದ್ದು. ಹಿಂದೆ ಯಜಮಾನಿತಿಗೆ ಸಿಗದೆ ಹೋದದ್ದೂ ಅದೇ.

ಮಗ ಉಲ್ಮ್‌ನಲ್ಲಿ ಎಂಜಿನಿಯರ್ ಆದ. ಅವನನ್ನು ದೂರುವವರಿಗೆ ನಾನು ಆಲ್ಬೆಕ್‌ನ ಕಥೆ ಹೇಳುತ್ತೇನೆ. ಉಲ್ಮ್ ಪಕ್ಕದ ಆ ಹಳ್ಳಿಯಲ್ಲಿ ಕಿರೀಟದ ಫಲಕದ ಗಾಸ್ಟ್‌ಹೋಫ್ ಇಟ್ಟಿದ್ದ ಕುಟುಂಬವೊಂದು 1869ರಲ್ಲಿ ಅದನ್ನು ಬಿಟ್ಟು ಉಲ್ಮ್‌ಗೆ ಹೋಯಿತು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು ಮೆಕ್ಯಾನಿಕ್ ಕೆಲಸ ಕಲಿತ. ಅವನೇ ರಾಬರ್ಟ್ ಬಾಷ್. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಯ ಮೂಲಪುರುಷ ಒಬ್ಬ ಗಾಸ್ಟ್‌ಹೋಫ್ ಯಜಮಾನನ ಮಗ.

ಆದರೂ ಮನೆ ಮುಚ್ಚಿದರೆ ಊರಿಗೆ ಆಗುವ ನಷ್ಟವನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊರೊನಾ ನಂತರ ಅಡುಗೆಮನೆ ನಿಂತುಹೋಗಿತ್ತು. ಕೋಣೆಗಳು ಮಾತ್ರ ಇದ್ದವು. ಬಾಗಿಲ ಪಕ್ಕದ ಪೆಟ್ಟಿಗೆಗೆ ನಂಬರ್ ಒತ್ತಿದರೆ ಕೀಲಿ ಕೈಗೆ ಬರುತ್ತಿತ್ತು, ಎದುರಿಗೆ ಯಾರೂ ಬರುತ್ತಿರಲಿಲ್ಲ. ಆಗ ಟ್ರ್ಯಾಕ್ಟರ್ ರಿಪೇರಿಯವನು ತೀರಿಕೊಂಡ. ಮಣ್ಣು ಮಾಡಿದ ಮೇಲೆ ಎಲ್ಲರೂ ಗಾಸ್ಟ್‌ಹೋಫ್‌ಗೆ ಬಂದು ಕಾಫಿ, ಹೆಣೆದ ಬನ್ನು ತಿಂದು, ಹೋದವನ ಬಗ್ಗೆ ಮಾತಾಡಿ, ಕೊನೆಗೆ ಸ್ವಲ್ಪ ನಕ್ಕು ಮನೆಗೆ ಹೋಗುವುದು ಅಲ್ಲಿನ ಪದ್ಧತಿ. ಅಂದು ಜನ ಸ್ಮಶಾನದ ಗೇಟಿನ ಬಳಿ ನಿಂತು, ಕೈಕುಲುಕಿ, ತಮ್ಮ ತಮ್ಮ ಕಾರು ಹತ್ತಿದರು. ಅವನ ಹೆಂಡತಿ ಮಗನೊಡನೆ ಮನೆಗೆ ನಡೆದಳು.

ಕೆಲವು ಊರುಗಳು ಇದಕ್ಕೆ ದಾರಿ ಹುಡುಕಿವೆ. ಫ್ರೈಬುರ್ಗ್ ಸಮೀಪದ ಬೋಲ್‌ಶ್ವೈಲ್ ಗ್ರಾಮಸ್ಥರು ಸಹಕಾರ ಸಂಘ ಮಾಡಿ, ಷೇರು ಕೂಡಿಸಿ, ಬೊಲಾಂಡೊ ಹೆಸರಿನ ಊರ ಹೋಟೆಲನ್ನು 2010ರಲ್ಲಿ ತೆರೆದರು. ಬವೇರಿಯದಲ್ಲೂ ಇಂಥವು ಇವೆ. ರೈತರ ಸಹಕಾರ ಸಂಘಕ್ಕೆ ಜರ್ಮನಿಯಲ್ಲಿ ರೂಪ ಕೊಟ್ಟವನು 1888ರಲ್ಲಿ ತೀರಿಕೊಂಡ ರೈಫೈಸನ್. ಆ ಮಾದರಿಯನ್ನು ಅಭ್ಯಾಸ ಮಾಡಿದ ಸರ್ಕಾರಿ ವರದಿಯ ಬೆನ್ನಿಗೆ ಭಾರತಕ್ಕೆ ಸಹಕಾರ ಕಾಯಿದೆ ಬಂದು, 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಕಣಗಿನಹಾಳದ ಹೆಸರು ಹೇಳಿ ಈ ಕಥೆಯನ್ನು ಜಿಂಕೆ ಫಲಕದ ಊರಿನ ಪಂಚಾಯಿತಿಯವರ ಮುಂದೆ ಇಟ್ಟಾಗ ಅವರು ಬಹಳ ಗಮನದಿಂದ ಕೇಳಿದರು. ಅಲ್ಲಿ ಸಂಘ ಇನ್ನೂ ಆಗಿಲ್ಲ. ಆದರೆ ಬಡಿಸುತ್ತಿದ್ದ ಆ ಮಗಳು, ಈಗ ಐವತ್ತು ದಾಟಿದವಳು, ಶುಕ್ರವಾರದಿಂದ ಭಾನುವಾರದವರೆಗೆ ಅಡುಗೆಮನೆ ತೆರೆಯುತ್ತಿದ್ದಾಳೆ. ಐದಾರೇ ಪದಾರ್ಥ, ಬೆಲೆ ಹಿಂದಿಗಿಂತ ಹೆಚ್ಚು, ಕೆಲಸದವರಿಗೆ ಪೂರ್ತಿ ಸಂಬಳ. ಚನ್ನಂಗಿ ಆಲ್ಬ್‌ನ ಹೊಲದ್ದೇ.

ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಈಗ ನಮ್ಮ ಮಕ್ಕಳು ಬಹಳ ಮಂದಿ ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಊರಿಂದ ಬಂದಾಗ ಪ್ಯಾರಿಸ್, ಸ್ವಿಟ್ಜರ್ಲೆಂಡ್ ತೋರಿಸುತ್ತಾರೆ, ತೋರಿಸಲಿ. ಒಂದು ಶನಿವಾರ ಹತ್ತಿರದ ಹಳ್ಳಿಯ ಗಾಸ್ಟ್‌ಹೋಫ್‌ಗೂ ಕರೆದೊಯ್ದು ಒಂದು ರಾತ್ರಿ ಉಳಿಯಿರಿ. ಹೊರಡುವ ಮುಂಚೆ ಫೋನ್ ಮಾಡಿ ರಜೆಯ ದಿನ ಯಾವುದೆಂದು ಕೇಳಿ, ಸಸ್ಯಾಹಾರಿಗಳು ಬರುತ್ತೇವೆಂದು ಹೇಳಿ, ಜೇಬಿನಲ್ಲಿ ನಗದು ಇಟ್ಟುಕೊಳ್ಳಿ. ಆಲ್ಬ್ ಸೀಮೆಯಾದರೆ ಸಾಸೇಜ್ ಇಲ್ಲದ ಚನ್ನಂಗಿ, ಷ್ಪೆಟ್ಸ್‌ಲೆ ಕೇಳಿ. ಮಾಡಿಕೊಡುತ್ತಾರೆ.