ಎಣ್ಣೆಗೆಂಪು

ಆನವಟ್ಟಿ ಕಡೆಯ ಮದುವೆ ವಿಡಿಯೊಗಳಿಗೆ ಬಣ್ಣ ಕೂರಿಸುವ ಕೆಲಸದಷ್ಟು ಖುಷಿ ನನಗೆ ಇನ್ನಾವುದರಲ್ಲೂ ಇಲ್ಲ. ಶಾಮಿಯಾನದ ಕೆಂಪು ಬಟ್ಟೆ ದಾಟಿ ಇಳಿದ ಬಿಸಿಲು ನೆಂಟರಿಷ್ಟರ ಮುಖಕ್ಕೆಲ್ಲ ಒಂದೇ ಬಣ್ಣ ಬಳಿದುಬಿಡುತ್ತದೆ. ಮದುಮಗಳ ಕೆನ್ನೆಗೆ ಹಚ್ಚಿದ ಅರಿಶಿನವೂ ಕಾಣದು. ಆ ಕೆಂಪನ್ನು ಒಂದಿಷ್ಟೊಂದಿಷ್ಟೇ ತೆಗೆಯುತ್ತ ಹೋದರೆ ಮೊದಲು ಮಲ್ಲಿಗೆ ಬೆಳ್ಳಗಾಗುತ್ತದೆ, ಆಮೇಲೆ ಬಾಳೆ ಎಲೆಗೆ ಹಸಿರು ಬರುತ್ತದೆ, ಕೊನೆಗೆ ಅರಿಶಿನ. ಆ ಹೊತ್ತಿಗೆ ಊಟಕ್ಕೆ ಕರೆದರೂ ನಾನು ಏಳುವುದಿಲ್ಲ.

ಹೀಗೆ ಬಣ್ಣ ತಿದ್ದುವುದು ಹಿಂದೆ ಇಷ್ಟು ಸಲೀಸಾಗಿರಲಿಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಆ ಕಾಲದ ಲ್ಯಾಬಿನಲ್ಲಿ ಪ್ರಿಂಟು ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕನ್ನು ಹೆಚ್ಚುಕಡಿಮೆ ಮಾಡಿ ಬಣ್ಣ ಹೊಂದಿಸುತ್ತಿದ್ದರು. ಮಾಡಿದ್ದು ಇಡೀ ಫ್ರೇಮಿಗೇ ತಾಗುತ್ತಿತ್ತು. ಮುಖವನ್ನಷ್ಟೇ ತಿದ್ದಿ ಹಿಂದಿನ ಗೋಡೆಯನ್ನು ಬಿಡುವಂತಿರಲಿಲ್ಲ. ಮುಂದೆ ಡಾವಿಂಚಿ ಎಂಬ ಕಂಪನಿಯ ಬಣ್ಣ ತಿದ್ದುವ ಯಂತ್ರಗಳು ಬಂದವು, ಬೆಲೆ ಲಕ್ಷಾಂತರ ಡಾಲರ್. ಆ ಕಂಪನಿಯನ್ನು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಕೊಂಡು, 2011ರಲ್ಲಿ ಅದರ ರಿಸಾಲ್ವ್ ಎಂಬ ತಂತ್ರಾಂಶದ ಒಂದು ಆವೃತ್ತಿಯನ್ನು ಪುಕ್ಕಟೆ ಕೊಟ್ಟಿತು. ಸೊರಬ ತಾಲ್ಲೂಕಿನ ಮೂಲೆಯಲ್ಲಿ ಕೂತವರ ಕೈಗೂ ಈ ವಿದ್ಯೆ ಎಟುಕಿದ್ದು ಅದರಿಂದ. ನನ್ನ ಮಟ್ಟಿಗೆ ಆಮೇಲೆ ಬಂದ ಎಲ್ಲ ಸುಧಾರಣೆಗಳಿಗಿಂತ ಇದೇ ದೊಡ್ಡದು.

ಆಮೇಲಿನವೂ ಕಡಿಮೆಯೇನಲ್ಲ. ಕುಬಟೂರಿನ ಕೈಟಭೇಶ್ವರ ದೇವಸ್ಥಾನದ ತೆರೆದ ಮಂಟಪದಲ್ಲಿ ಕ್ಯಾಮೆರಾ ಹಿಡಿದರೆ ಹೊರಗೆ ಕಣ್ಣು ಕುಕ್ಕುವ ಬೆಳಕು, ಒಳಗೆ ಕತ್ತಲು. ಎಂಟು ಬಿಟ್ಟಿನ ವಿಡಿಯೊದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಹತ್ತು ಬಿಟ್ಟಿನಲ್ಲಿ 1024. ಅದರಲ್ಲಿ ಕತ್ತಲನ್ನು ತುಸು ಎತ್ತಿದರೆ ಕಡೆದ ಕಂಬಗಳ ದುಂಡು, ಅಂಚಿನ ಹೊಳಪು ಪಟ್ಟೆಪಟ್ಟೆಯಾಗಿ ಒಡೆಯದೆ ಮೇಲೇಳುತ್ತವೆ. ರಿಸಾಲ್ವ್‌ನ 2020ರ ಹದಿನೇಳನೇ ಆವೃತ್ತಿಯ ಮ್ಯಾಜಿಕ್ ಮಾಸ್ಕ್ ಇನ್ನೂ ಸೊಗಸು. ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇರುವುದು. ಮದುಮಗಳ ಮೇಲೊಂದು ಗೀಟೆಳೆದರೆ ಸಾಕು, ಅವಳು ಓಡಾಡಿದಲ್ಲೆಲ್ಲ ಮಾಸ್ಕ್ ಹಿಂದೆಯೇ ಬರುತ್ತದೆ.

ನನಗೆ ತೀರಾ ಪ್ರೀತಿಯದು ಮಾತ್ರ ವೆಕ್ಟರ್‌ಸ್ಕೋಪು. ಆ ದುಂಡು ನಕ್ಷೆಯಲ್ಲಿ ಚಿತ್ರದ ಬಣ್ಣಗಳು ಹೊಗೆಯ ಹಾಗೆ ಹರಡಿಕೊಂಡಿರುತ್ತವೆ. ಕೆಂಪಿಗೂ ಹಳದಿಗೂ ನಡುವೆ ಒಂದು ಗೆರೆ. ಕಪ್ಪು, ಎಣ್ಣೆಗೆಂಪು, ಬಿಳುಪು, ಯಾವ ಮೈಬಣ್ಣವೇ ಇರಲಿ, ಬೆಳಕು ಸರಿಯಿದ್ದರೆ ಆ ಗೆರೆಯ ಆಸುಪಾಸಿಗೇ ಬಂದು ಕೂರುತ್ತದೆ. ಎಲ್ಲರ ಚರ್ಮಕ್ಕೂ ಬಣ್ಣ ಕೊಡುವುದು ಅದೇ ನೆತ್ತರು, ಅದೇ ಮೆಲನಿನ್. ಹೆಚ್ಚುಕಡಿಮೆಯಾಗುವುದು ಪ್ರಮಾಣ.

ಇಷ್ಟೆಲ್ಲ ಕೈಗೆ ಬಂದ ಮೇಲೂ, "ತಮ್ಮಾ, ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಪ್ಪ" ಎನ್ನುವ ಅತ್ತೆಯಂದಿರು ಪ್ರತಿ ಮದುವೆಯಲ್ಲೂ ಇರುತ್ತಾರೆ. ಅದು ಮಾಡಲು ಸುಲಭ. ಆದರೆ ಬೆಳ್ಳಗಾದ ಕೂಡಲೇ ಮುಖದ ನೆರಳುಗಳು ಅಳಿಸಿಹೋಗುತ್ತವೆ, ಗಲ್ಲದ ಗುಳಿ ಕಾಣುವುದಿಲ್ಲ, ಅವಳು ಯಾರ ಮನೆಯ ಮಗಳೂ ಅಲ್ಲದಂತಾಗುತ್ತಾಳೆ. ನಿಮ್ಮ ಮನೆಯ ಮದುವೆ ವಿಡಿಯೊ ಎಡಿಟಿಂಗಿಗೆ ಕೊಡುವಾಗ ದಯವಿಟ್ಟು ಆ ಮಾತು ಹೇಳಬೇಡಿ. ಹುಡುಗಿಯ ಬಣ್ಣ ಹೇಗಿದೆಯೋ ಹಾಗೇ ಬರಲಿ ಎನ್ನಿ.