‘ಪಾಸಿಟಿವ್’ ಎಂದರೆ

ಈ ಸಲದ ದೀಪಾವಳಿ ಮುಗಿದ ಮೇಲೆ ವೈನಿಯವರು ಚಿಕಿತ್ಸೆಗೆಂದು ಧಾರವಾಡದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದರು. ಅಂಡಾಶಯದ ಗಡ್ಡೆ. ತುಣುಕು ತೆಗೆದು ಪರೀಕ್ಷಿಸಿದ ವರದಿ ಬಂದ ಸಂಜೆ ಎಲ್ಲರೂ ನಮ್ಮ ಮುಖ ನೋಡಿದರು. ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಸರಿಸಿದ್ದರೂ ಮನೆಯಲ್ಲಿ ಬಿ.ಎಸ್ಸಿ. ಎಂದರೆ ನಾವೇ ತಾನೆ! ವರದಿಯಲ್ಲಿ ‘ಪಿ-53 ಸ್ಟ್ರಾಂಗ್ ಪಾಸಿಟಿವ್’ ಎಂದಿತ್ತು. ಕ್ಯಾನ್ಸರನ್ನು ತಡೆಯುವ ಪ್ರೋಟೀನು ಅದೆಂದು ಎಲ್ಲಿಯೋ ಓದಿದ ನೆನಪು. “ಕಾವಲುಗಾರ ಗಟ್ಟಿ ಅದಾನ ವೈನಿ, ಅಂಜಬ್ಯಾಡ್ರಿ” ಎಂದುಬಿಟ್ಟೆವು. ವೈನಿ ಅಂದು ಒಂದು ಭಕ್ಕರಿ ಹೆಚ್ಚಿಗೆ ಉಂಡರು.

ರಾತ್ರಿ ಸಂಶಯ ಕಾಡಿತು, ಕುಳಿತು ಓದಿದೆವು. ಈ ಪ್ರೋಟೀನನ್ನು ಹಲವು ತಂಡಗಳು 1979ರಲ್ಲಿ ಗುರುತಿಸಿದವು. ಹೆಸರಿನ 53 ಅದರ ತೂಕ, ಕಿಲೋಡಾಲ್ಟನ್‌ಗಳಲ್ಲಿ. ನಿಜವಾದ ತೂಕ 44ರ ಸುಮಾರು! ಸೇವಾ ಪುಸ್ತಕದಲ್ಲಿ ತಪ್ಪು ಬಿದ್ದ ಜನ್ಮದಿನಾಂಕದಂತೆ ಅದು ಹಾಗೆಯೇ ಉಳಿದಿದೆ. ಮೊದಲ ಹತ್ತು ವರ್ಷ ಇದನ್ನು ಕ್ಯಾನ್ಸರ್ ತರುವ ಕಳ್ಳನೆಂದೇ ಎಣಿಸಿದ್ದರು. ತಡೆಯುವವನೇ ಇವನೆಂದು ಸ್ಪಷ್ಟವಾದದ್ದು 1989ರಲ್ಲಿ.

ಆರೋಗ್ಯವಂತ ಜೀವಕೋಶದಲ್ಲಿ ಪಿ-53 ತೀರ ಕಡಿಮೆ. ಎಂ.ಡಿ.ಎಂ.-2 ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ. ಡಿ.ಎನ್.ಎ. ತುಂಡಾದರೆ ಕೋಶದೊಳಗೆ ಸುದ್ದಿ ಮುಟ್ಟುತ್ತದೆ. ಪಿ-53ರ ಮೇಲೆ ಫಾಸ್ಫೇಟಿನ ಮುದ್ರೆ ಬಿದ್ದು ಆ ಹಿಡಿತ ತಪ್ಪುತ್ತದೆ. ಆಗ ಅದು ಡಿ.ಎನ್.ಎ.ಯ ಮೇಲೆ ಕುಳಿತು ಪಿ-21ರ ಜೀನನ್ನು ಚಾಲೂ ಮಾಡುತ್ತದೆ, ಕೋಶವಿಭಜನೆ ನಿಲ್ಲುತ್ತದೆ. ರಿಪೇರಿ ಆಗದಿದ್ದರೆ ಕೋಶಕ್ಕೆ ಸಾಯುವ ಹುಕುಂ. (ಆಕ್ಷೇಪಣೆ ತೀರುವ ತನಕ ಕಡತ ಬಿಡದ ಗುಮಾಸ್ತನನ್ನು ಬೈಯುವವರು ಇದನ್ನು ಗಮನಿಸಬೇಕು.) ಎಂ.ಡಿ.ಎಂ.-2ರ ಜೀನನ್ನು ಚಾಲೂ ಮಾಡುವುದೂ ಪಿ-53ನೇ. ಕೆಟ್ಟ ಪಿ-53ಕ್ಕೆ ಅದು ಕೈಲಾಗದು. ಹೀಗಾಗಿ ಕೆಲಸಕ್ಕೆ ಬಾರದ ಪ್ರೋಟೀನು ಕೋಶದಲ್ಲಿ ರಾಶಿ ಬೀಳುತ್ತದೆ. ಸೂಕ್ಷ್ಮದರ್ಶಕದಡಿ ಗಾಢ ಕಂದಾಗಿ ಕಂಡದ್ದು ಆ ರಾಶಿ. ನಾವು ಗಟ್ಟಿ ಎಂದಿದ್ದ ಕಾವಲುಗಾರ ಕೆಟ್ಟಿದ್ದ.

ಬೆಳಿಗ್ಗೆ ಚಹಾ ಕೊಟ್ಟು ತಪ್ಪನ್ನು ಹೇಳಿಕೊಂಡೆವು. ವೈನಿ ಕೇಳಿಸಿಕೊಂಡು, “ನಿನ್ನೆ ರಾತ್ರಿ ಚಲೋ ನಿದ್ದಿ ಬಂದಿತ್ತಲ್ಲೋ” ಎಂದಷ್ಟೇ ಅಂದರು. ನಮಗೆ ಮಾತು ಹೊರಡಲಿಲ್ಲ.

ಇಂಥ ಗಡ್ಡೆಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕಡೆ ಪಿ-53 ಕೆಟ್ಟೇ ಇರುತ್ತದೆ, ಅದರಿಂದ ಗಡ್ಡೆಯ ಬಗೆ ಖಾತ್ರಿಯಾಯಿತು, ಚಿಕಿತ್ಸೆ ಮೊದಲು ಹೇಳಿದಂತೆಯೇ ಎಂದರು ಡಾಕ್ಟರರು. ಆರು ಸಲದ ಕಿಮೊಥೆರಪಿಯಲ್ಲಿ ಈಗ ನಾಲ್ಕು ಮುಗಿದಿವೆ. ಹೊಸ ವರದಿ ಬಂದರೆ ವೈನಿ ಲಕೋಟೆಯನ್ನು ನಮ್ಮ ಕೈಗೆ ಕೊಡುವುದಿಲ್ಲ. ನೇರ ಡಾಕ್ಟರರ ಮೇಜಿನ ಮೇಲೆ ಇಡುತ್ತಾರೆ.